ಸಾಲಿನ ಕೆಳಗೊಂದು ಬೆರಳು

ಶ್ರಾವಣ ಹಿಡಿಯಲು ಮೂರು ದಿನ ಉಳಿದಿತ್ತು. ಶುಕ್ರವಾರ, ಬೆಳಗ್ಗೆ ಹತ್ತೂವರೆ. ಆದೋನಿಯ ಮೊಬೈಲ್ ಅಂಗಡಿಯಲ್ಲಿ ಇದ್ದವರು ಅಪ್ಪ, ನಾನು ಮತ್ತು ಅಂಗಡಿಯವನು.

ನಮ್ಮೂರು ಪೆದ್ದಹರಿವಾಣದ ಗುಡಿಯಲ್ಲಿ ಶ್ರಾವಣ ಪೂರ್ತಿ ಪುರಾಣ ಓದುವವರು ಅಪ್ಪ. ಕಣ್ಣು ಮಂಜಾಗಿ ಈಚೆಗೆ ಪುಸ್ತಕದ ಅಕ್ಷರ ಕಾಣುತ್ತಿರಲಿಲ್ಲ. ಅಕ್ಷರ ದೊಡ್ಡದು ಮಾಡುವ ಟ್ಯಾಬ್ ಕೊಡಿಸಿದರೆ ಈ ವರ್ಷವೂ ಓದು ನಡೆದೀತೆಂದು ಕರೆತಂದಿದ್ದೆ.

ಅಂಗಡಿಯವನು ಟ್ಯಾಬಿನಲ್ಲಿ ಪುರಾಣದ ಪುಟ ತೆರೆದು ಹಿಗ್ಗಿಸಿದ; ಅಕ್ಷರಗಳು ನೆಲ್ಲಿಕಾಯಿ ಗಾತ್ರಕ್ಕೆ ಬೆಳೆದವು. ಅಪ್ಪ ಎಂದಿನಂತೆ ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದರು. ಬೆರಳು ಸರಿದಂತೆ ಪುಟವೂ ಸರಿದುಹೋಯಿತು.

“ತಾತಾ, ಬೆರಳು ತೆಗೀರಿ. ಮುಟ್ಟಿದ್ರ ಪೇಜು ಓಡತೈತಿ,” ಎಂದ ಅಂಗಡಿಯವನು.

“ಬೆರಳು ತೆಗದ್ರ ಸಾಲು ಎಲ್ಲೈತಿ ಅಂತ ಹೆಂಗ ಗೊತ್ತಾಗ್ಬೇಕಪಾ? ಕುರಿ ಅಡವಿಗೆ ಬಿಟ್ಟು ಕುರುಬ ಮನಿಯಾಗ ಕುಂತಂಗಾತು.”

ಗಾಜು ಮುಟ್ಟದೆ ಸಾಲಿನ ಕೆಳಗೆ ಹಿಡಿಯಲು ಅವನು ಒಂದು ಕಡ್ಡಿ ಕೊಟ್ಟ. ಎತ್ತಿ ಹಿಡಿದ ಕಡ್ಡಿ ಸಾಲು ಬಿಟ್ಟು ಆಚೀಚೆ ಹೋಯಿತು. ಇನ್ನೂ ದೊಡ್ಡ ಟ್ಯಾಬ್ ತಂದ. ಅಪ್ಪ ಕೈಗಳನ್ನು ಬೆನ್ನಹಿಂದೆ ಕಟ್ಟಿಕೊಂಡು ಓದಿದರು. ಒಂದೇ ಸಾಲನ್ನು ಎರಡು ಸಲ ಓದಿದ್ದು ಅವರಿಗೇ ತಿಳಿದು ನಿಲ್ಲಿಸಿದರು.

“ನಾ ಪಕ್ಕದಾಗ ಕುಂತು ಸಾಲು ತೋರಸ್ತೀನಪ್ಪಾ,” ಎಂದೆ.

“ನೀ ತೋರಿಸಿದ್ರ ಓದಿದಾಂವ ನೀನಾಗ್ತಿ. ಸಾಕು, ನಡಿ.”

ಏನೂ ಕೊಳ್ಳದೆ ಹೊರಟೆವು. ಬಸ್ಸು ಊರು ಮುಟ್ಟಿದಾಗ ಅಪ್ಪ, “ಗುಡಿಯವ್ರಿಗೆ ಇವತ್ತ ಹೇಳಿಬಿಡು,” ಎಂದರು. ಸಂಜೆ ಆರಕ್ಕೆ ಹೋಗಿ, ಈ ಶ್ರಾವಣಕ್ಕೆ ಬೇರೆ ಯಾರನ್ನಾದರೂ ಓದಲು ನೋಡಿಕೊಳ್ಳಿರೆಂದು ಹೇಳಿಬಂದೆ.