ನನ್ನ ಹೆಸರಿನಲ್ಲಿ ಆಡಿದವಳು

ತೊಂಬತ್ತರ ದಶಕದಲ್ಲಿ ನಾನು ಶಿವಾಜಿನಗರದ ಕಡೆಯ ಒಂದು ಹೆಣ್ಣುಮಕ್ಕಳ ಕಾಲೇಜಿನ ಕಬಡ್ಡಿ ತಂಡದಲ್ಲಿದ್ದೆ. ನಮ್ಮ ಕ್ಯಾಪ್ಟನ್‌ಗೆ ಅದು ಕೊನೆಯ ವರ್ಷ. ಆ ವರ್ಷದ ಸರ್ಟಿಫಿಕೇಟ್ ಸಿಕ್ಕರೆ ಆಟದ ಕೋಟಾದಲ್ಲಿ ಕಾರ್ಖಾನೆಯ ಕೆಲಸ. ಇಲ್ಲದಿದ್ದರೆ ಮನೆಯವರು ನೋಡಿಟ್ಟ ಗಂಡು. ಇದು ನಮಗೆಲ್ಲ ಗೊತ್ತಿತ್ತು.

ಅಂತರಕಾಲೇಜು ಪಂದ್ಯಕ್ಕೆ ನಾಲ್ಕು ದಿನವಿರುವಾಗ ಹಲಸೂರಿನಲ್ಲಿ ಬಸ್ಸಿಳಿಯುತ್ತ ನನ್ನ ಕಾಲು ಉಳುಕಿತು. ಪಿ.ಟಿ. ಮೇಡಂ ಕೋಣೆಗೆ ಕರೆಸಿ, ಬಾಗಿಲು ಮುಂದೆ ಮಾಡಿದರು.

"ಕೆ.ಆರ್. ಪುರದಿಂದ ಒಬ್ಬಳನ್ನ ಕರೆಸ್ತೀನಿ. ಡಿಗ್ರಿ ಮುಗಿಸಿದಾಳೆ, ಆದ್ರೆ ರೈಡಿಂಗ್ ಸಕತ್ತಾಗಿದೆ. ನಿನ್ನ ಹೆಸರಲ್ಲಿ ಆಡ್ಲಿ. ಗೆದ್ರೆ ಸರ್ಟಿಫಿಕೇಟ್ ನಿಂದೇ."

"ಆಯ್ತು ಮೇಡಂ" ಅಂದೆ. ಅಷ್ಟು ಬೇಗ ಒಪ್ಪಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಮಿಕ್ಕವರಿಗೆ ಮೇಡಂ ಅವಳನ್ನು ತೋರಿಸಿ, "ಇವಳು ಆಡ್ತಾಳೆ, ಸುಮ್ನಿರಿ" ಎಂದಷ್ಟೇ ಹೇಳಿದರು.

ಪಂದ್ಯಕ್ಕೆ ಮುಂಚೆ ರೆಫರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಅರ್ಜಿ ನೋಡಿ ಹೆಸರು ಕರೆಯುವುದು ರೂಢಿ. ಎರಡು ಜಡೆ, ಎಣ್ಣೆ ಹಚ್ಚಿದ ತಲೆ. ಅರ್ಜಿಯ ಆ ಪುಟ್ಟ ಫೋಟೋಗಳಲ್ಲಿ ನಾವೆಲ್ಲ ಒಂದೇ ಥರ. ಹೆಸರು, ತರಗತಿ, ರೋಲ್ ನಂಬರನ್ನು ಮೇಡಂ ಅವಳಿಗೆ ಬಾಯಿಪಾಠ ಮಾಡಿಸಿದ್ದರು. ಫೈನಲ್‌ನಲ್ಲಿ ಮಾತ್ರ ರೆಫರಿ "ತಂದೆ ಹೆಸರು?" ಅಂದುಬಿಟ್ಟರು. ಆ ಪುಣ್ಯಾತ್ಗಿತ್ತಿ ತನ್ನ ಸ್ವಂತ ಅಪ್ಪನ ಹೆಸರು ಹೇಳಿದಳು.

ವಿಶ್ವವಿದ್ಯಾಲಯ ಆ ವರ್ಷದ ಗೆಲುವನ್ನೆಲ್ಲ ರದ್ದು ಮಾಡಿ, ತಂಡವನ್ನು ಎರಡು ವರ್ಷ ಹೊರಗಿಟ್ಟಿತು. ಯಾರಿಗೂ ಸರ್ಟಿಫಿಕೇಟ್ ಇಲ್ಲ. ಮೇಡಂ ರಜೆ ಹಾಕಿದರು. ಜೂನ್‌ನಲ್ಲಿ ಬೇರೆ ಕಾಲೇಜಿನಲ್ಲಿ ಸೀಟಿ ಊದುತ್ತಿದ್ದರಂತೆ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ" ಎಂದು ಕ್ಯಾಪ್ಟನ್ ಅತ್ತಳು.

ಆಮೇಲೆ ಶುರುವಾಯಿತು ಅನುಮಾನ. ಎಂದೂ ಕೇಳದ ಪ್ರಶ್ನೆಯನ್ನು ರೆಫರಿ ಅವತ್ತೇ ಯಾಕೆ ಕೇಳಿದರು? ಒಳಗಿನವರೇ ಯಾರೋ ಊದಿರಬೇಕು. ನನ್ನ ಜಾಗಕ್ಕೆ ಬರಬೇಕಿದ್ದು ಬೆಂಚಿನ ಮೇಲೇ ಉಳಿದ ಹುಡುಗಿ ರೆಫರಿಗೆ ನೀರು ತಂದುಕೊಟ್ಟದ್ದನ್ನು ನಾನು ಮನಸ್ಸಿನಲ್ಲೇ ನೂರು ಸಲ ತಿರುಗಿಸಿ ನೋಡಿದೆ. ಆದರೆ ಎಲ್ಲರ ಕಣ್ಣಿದ್ದದ್ದು ನನ್ನ ಮೇಲೆ.

"ಮೇಡಂ ನಿನ್ನ ಕೇಳ್ದೆ ಹೆಸರು ಎತ್ಕೊಂಡ್ರು ಅಂತ ಹೊಟ್ಟೆ ಉರೀತು ಅಲ್ವಾ?" ಎಂದಳು ಕ್ಯಾಪ್ಟನ್. "ನೀನೇ ಹೇಳಿರ್ತೀಯ."

"ದೇವರಾಣೆ ಇಲ್ಲ ಕಣೆ."

ನಿಜವಾಗಿಯೂ ನಾನು ಹೇಳಿರಲಿಲ್ಲ. ಅದನ್ನು ನಂಬಿಸಬೇಕಾದರೆ, ನಾನೇ ಒಪ್ಪಿ ಹೆಸರು ಕೊಟ್ಟೆ ಅನ್ನಬೇಕಿತ್ತು. ಧೈರ್ಯ ಬರಲಿಲ್ಲ.

ಕೊನೆಗೆ ಕ್ಯಾಪ್ಟನ್ ವಿಶ್ವವಿದ್ಯಾಲಯಕ್ಕೆ ಮನವಿ ಬರೆದಳು: ನಮ್ಮಲ್ಲಿ ಯಾರನ್ನೂ ಕೇಳದೆ ಮೇಡಂ ಹೀಗೆ ಮಾಡಿದ್ದಾರೆ, ಅವರ ತಪ್ಪಿಗೆ ನಮಗೆ ಶಿಕ್ಷೆ ಬೇಡ. ಅವಳ ಮಟ್ಟಿಗೆ ಅದು ನೂರಕ್ಕೆ ನೂರು ನಿಜ. ಆ ಶಿಕ್ಷೆ ಅನ್ಯಾಯವೆಂದು ನಾನು ಈಗಲೂ ಜಗಳವಾಡುತ್ತೇನೆ. ನನ್ನ ಪಾಲನ್ನು ಮಾತ್ರ ಬಾಯಿಬಿಡುವುದಿಲ್ಲ. ಹಾಳೆ ನನ್ನ ಕೈಗೆ ಬಂದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸಹಿ ಹಾಕಿದೆ.

ಮನವಿ ತಿರಸ್ಕಾರವಾಯಿತು. ಕೆಲವು ತಿಂಗಳ ನಂತರ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕ್ಯಾಪ್ಟನ್ ಸಿಕ್ಕಳು. ಅಮ್ಮನ ಜೊತೆ ಮದುವೆಯ ಸೀರೆಗೆ ಬಂದಿದ್ದಳು. ನನ್ನನ್ನು ಪಕ್ಕಕ್ಕೆ ಕರೆದು ಕೈ ಹಿಡಿದುಕೊಂಡಳು.

"ನಿನ್ನ ಮೇಲೆ ಸುಮ್ಸುಮ್ನೆ ಅನುಮಾನ ಪಟ್ಟೆ. ನೀನು ನಮ್ಮ ಜೊತೆ ನಿಂತು ಸಹಿ ಹಾಕ್ದೆ. ತಪ್ಪಾಯ್ತು ಕಣೆ."

"ಹೋಗ್ಲಿ ಬಿಡೇ" ಅಂದೆ, ಕ್ಷಮಿಸಿದವಳ ಹಾಗೆ.