ಒನಕೆಗೆ ಕಟ್ಟಿದ ಮರಳು

ಕಾಲೇಜಿನ ರೈಫಲ್ ತಂಡಕ್ಕೆ ಸೇರಬೇಕೆಂದು ನಮ್ಮಣ್ಣ ಕಾಪುವಿನ ಮನೆಯಂಗಳದಲ್ಲಿ ನಿಂತು, ತುದಿಗೆ ನಾನು ಮರಳಿನ ಚೀಲ ಕಟ್ಟಿಕೊಟ್ಟ ಒನಕೆಯನ್ನು ಬಂದೂಕಿನಂತೆ ಎತ್ತಿ ಹಿಡಿಯುತ್ತಿದ್ದ. ಎದುರಿನ ತೆಂಗಿನಮರವೇ ಶತ್ರು.

"ಭಾರ ಹೊರುವುದು ಎಲುಬು ಮಾರಾಯ್ತಿ, ತೋಳಲ್ಲ. ನೀನು ಎಣಿಸು."

ನನ್ನ ಮೂರನೇ ಕ್ಲಾಸಿನ ವಿದ್ಯೆ ನೂರರವರೆಗೆ ಎಣಿಸಲು ಧಾರಾಳವಾಗಿತ್ತು. ಒನಕೆ ನಡುಗಿದರೆ ಮತ್ತೆ ಒಂದರಿಂದ ಎಣಿಸಬೇಕು. ಬೇಸತ್ತು, ಚೀಲದಿಂದ ದಿನಕ್ಕೊಂದು ಹಿಡಿ ಮರಳು ತೆಗೆದು ಭತ್ತದ ಉಮಿ ತುಂಬಿದೆ. ಅಣ್ಣನ ಕೈ ದಿನೇ ದಿನೇ ಗಟ್ಟಿಯಾಯಿತು!

"ಎಂತ ಎಲುಬು ನೋಡಿದೆಯಾ?"

"ಭೀಮನದ್ದೇ ಅಣ್ಣ," ಎಂದೆ.

ಉಡುಪಿಯಲ್ಲಿ ಆಯ್ಕೆಯ ದಿನ ನಿಜವಾದ ರೈಫಲ್ ಅವನ ಕೈಯಲ್ಲಿ ಗಡಗಡ ನಡುಗಿತಂತೆ. ತಂಡಕ್ಕೆ ತೆಗೆದುಕೊಳ್ಳಲಿಲ್ಲ.

"ನನ್ನ ಎಲುಬೇ ಸರಿ ಇಲ್ಲ ಮಾರಾಯ್ತಿ," ಎಂದ. ಸತ್ಯವಂತೆಯಾದ ನಾನು ಇನ್ನೊಂದು ಸೌಟು ಗಂಜಿ ಬಡಿಸಿದೆ.

ಅವನು ಒಮ್ಮೆಯೂ ಆ ಚೀಲ ಬಿಚ್ಚಿ ನೋಡಿರಲಿಲ್ಲ. ಕಟ್ಟಿದವಳು ತಂಗಿಯಲ್ಲವೇ?