ಬಂಗಲೆ ಹೋಟೆಲಿನಲ್ಲಿ ಹೆಣ್ಣು ನೋಡಿದ್ದು

ಎಪ್ಪತ್ತರ ದಶಕದ ಮಾತು. ನನ್ನನ್ನು ನೋಡಬೇಕಾಗಿದ್ದ ಮೈಸೂರಿನವರು ಹುಣಸೂರಿಗೆ ಬರಲಿಲ್ಲ. ಅಪ್ಪ ತೀರಿಹೋದ ಮೇಲೂ ಅವ್ವ ಹೊಗೆಸೊಪ್ಪಿನ ಅಂಗಡಿ ನಡೆಸುತ್ತಿದ್ದಳು. ಮನೆ ತುಂಬ ಅದರ ಘಾಟು ಎಂದು ಯಾರೋ ಅವರ ಕಿವಿಗೆ ಹಾಕಿದ್ದರಂತೆ. ಅರಸರ ಕಾಲದ ಬಂಗಲೆಯೊಂದನ್ನು ಮೈಸೂರಿನಲ್ಲಿ ಹೊಸದಾಗಿ ಹೋಟೆಲು ಮಾಡಿದ್ದರು. ಹುಡುಗಿಯನ್ನು ಅಲ್ಲಿಗೇ ಕರೆತನ್ನಿ ಎಂದು ಹೇಳಿಕಳಿಸಿದರು. ನನಗೆ ಅಂದೇ ಮೈ ಉರಿದಿತ್ತು.

"ಅವ್ರು ಏನಂದ್ರೂ ತಲೆ ಎತ್ತಬ್ಯಾಡ ಕಣೆ," ಎಂದಳು ಅವ್ವ. "ಇದು ತಪ್ಪಿದ್ರೆ ಇಂಥ ಸಂಬಂಧ ಇನ್ನೊಂದು ಸಿಕ್ಕಾಕಿಲ್ಲ."

ಹೆಣ್ಣು ನೋಡಲು ಬಂದವರಿಗೆ ಹುಡುಗಿಯೇ ಉಪ್ಪಿಟ್ಟು, ಕೇಸರಿಬಾತು ತಂದಿಡಬೇಕು. ಹೋಟೆಲಾದರೇನು, ಪದ್ಧತಿ ಬಿಡುವುದುಂಟೇ? ಅವ್ವ ಬೆಳಗಿನ ಜಾವ ಎದ್ದು ಎರಡನ್ನೂ ಮಾಡಿ, ಹಿತ್ತಾಳೆ ಕ್ಯಾರಿಯರಿಗೆ ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು.

ಬಂಗಲೆಯ ಸೊಬಗು ಸುಳ್ಳಲ್ಲ. ತೇಗದ ಮೆಟ್ಟಿಲು, ಆಳೆತ್ತರದ ಕನ್ನಡಿ, ಹಿಂದೆ ಅರಸರ ಅತಿಥಿಗಳು ಕೂರುತ್ತಿದ್ದ ಹಜಾರದಲ್ಲಿ ಬಿಳಿ ಬಟ್ಟೆ ಹಾಸಿದ ಮೇಜುಗಳು. ಹುಡುಗನೂ ಅವನ ತಾಯಿಯೂ ಆಗಲೇ ಕೂತಿದ್ದರು. ಅವ್ವ ಕ್ಯಾರಿಯರನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದದ್ದೇ ತಡ, ತುಪ್ಪದ ಪರಿಮಳ ಹಜಾರಕ್ಕೆಲ್ಲ ಹರಡಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಮಾಣಿ ಬಂದು, ಹೊರಗಿನ ತಿಂಡಿ ಇಲ್ಲಿ ತಿನ್ನುವಂತಿಲ್ಲ ಎಂದು ಮೆತ್ತಗೆ ಹೇಳಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹುಡುಗನ ತಾಯಿ ಮಾತ್ರ ಮೂಗಿಗೆ ಸೆರಗು ಹಿಡಿದು, "ಮೊದ್ಲು ಅದನ್ನ ಕೆಳಗಿಡಿ, ಜನ ನೋಡ್ತಿದ್ದಾರೆ. ಇಂಥ ಜಾಗ ನಿಮಗೆಲ್ಲಿ ಗೊತ್ತಿರುತ್ತೆ" ಎಂದರು. ಹುಡುಗ ನಕ್ಕ. ಅವ್ವ ತಡಬಡಿಸಿ ಮುಚ್ಚಳ ಹುಡುಕತೊಡಗಿದಳು.

ನನಗೆ ಅಷ್ಟು ಸಾಕಾಯಿತು. ಮೇಜಿನ ಮೇಲಿದ್ದ ಹೋಟೆಲಿನದೇ ಪಿಂಗಾಣಿ ತಟ್ಟೆಗಳಿಗೆ ಕೇಸರಿಬಾತು ಬಡಿಸಿ, ಒಂದನ್ನು ಅವ್ವನ ಮುಂದಿಟ್ಟೆ. ಇನ್ನೊಂದನ್ನು ನಾನೇ ತಿಂದೆ, ಹುಡುಗನ ಮುಖ ನೋಡಿಕೊಂಡೇ ತಿಂದೆ. ಮಾಣಿ ಗೋಡೆ ನೋಡುತ್ತ ನಿಂತ.

ಹುಡುಗನ ತಾಯಿ ಎದ್ದು, "ಯೋಚನೆ ಮಾಡಿ ಕಾಗದ ಬರೀತೀವಿ" ಎಂದರು. ಒಲ್ಲೆ ಎನ್ನುವುದಕ್ಕೆ ಗಂಡಿನ ಕಡೆಯವರು ಆಡುವ ಮಾತು ಅದು. ಹೆಣ್ಣಿನ ಕಡೆಯವರು ತಲೆಯಾಡಿಸಿ, ಮನೆಗೆ ಹೋಗಿ ಅಂಚೆಯವನ ದಾರಿ ಕಾಯಬೇಕು.

"ಬರೀಬೇಡಿ," ಎಂದೆ. "ನನಗೆ ಹುಡುಗ ಒಪ್ಪಿಗೆಯಿಲ್ಲ."

ಅವ್ವ ಬೈಯುತ್ತಾಳೆಂದುಕೊಂಡೆ. ಅವಳು ತಟ್ಟೆ ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಹೂಂ ಕಣ್ರವ್ವ," ಎಂದಳು, "ನಂಗೂ ಒಪ್ಪಿಗೆ ಇಲ್ಲ."